ಪೊರೆ ಪ್ರೋಟೀನ್ ಮತ್ತು ಹಾರ್ಮೋನ್: ಎರಡೂ ಒಂದೇನಾ?

ಬೇಸಿಗೆಯಲ್ಲಿ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುತ್ತದೆ. ಹೊಲದಲ್ಲಿ ದುಡಿಯುವವರಿಗೂ ಮಗ್ಗದಲ್ಲಿ ಕೂತು ಸೀರೆ ನೇಯುವವರಿಗೂ ಮೂತ್ರ ಕಡಿಮೆಯಾಗಿ ಹಳದಿಗಟ್ಟುತ್ತದೆ. ‘ಮೈಗೆ ಉಷ್ಣ ಆಗಿದೆ’ ಎಂದು ಸುಮ್ಮನಾಗುತ್ತೇವೆ. ಆದರೆ ಸಾಮಾನ್ಯವಾಗಿ ಇದು ದೇಹ ನೀರನ್ನು ಉಳಿಸಿಕೊಳ್ಳುತ್ತಿರುವ ಗುರುತು. ಈ ಕೆಲಸದಲ್ಲಿ ಹಾರ್ಮೋನ್ ಮತ್ತು ಪೊರೆ ಪ್ರೋಟೀನ್ ಎರಡೂ ಸೇರಿವೆ. ಇವುಗಳ ವ್ಯತ್ಯಾಸವನ್ನು ಇದೇ ಉದಾಹರಣೆಯಿಂದ ನೋಡೋಣ.

ಹಾರ್ಮೋನ್ ಎಂದರೇನು?

ದೇಹದ ಒಂದು ಕಡೆ ತಯಾರಾಗಿ, ರಕ್ತದಲ್ಲಿ ಸಾಗಿ, ಇನ್ನೊಂದು ಕಡೆಯ ಜೀವಕೋಶಗಳಿಗೆ ಸಂದೇಶ ಮುಟ್ಟಿಸುವ ರಾಸಾಯನಿಕವೇ ಹಾರ್ಮೋನ್. ಎಲ್ಲ ಹಾರ್ಮೋನ್‌ಗಳೂ ಪ್ರೋಟೀನ್ ಅಲ್ಲ. ಇನ್ಸುಲಿನ್ 51 ಅಮೈನೋ ಆಮ್ಲಗಳ ಪ್ರೋಟೀನ್. ಈಸ್ಟ್ರೋಜನ್, ಟೆಸ್ಟೋಸ್ಟೆರಾನ್ ತಯಾರಾಗುವುದು ಕೊಲೆಸ್ಟ್ರಾಲ್‌ನಿಂದ.

ಪೊರೆ ಪ್ರೋಟೀನ್ ಎಂದರೇನು?

ಪ್ರತಿ ಜೀವಕೋಶದ ಸುತ್ತ ಕೊಬ್ಬಿನ ತೆಳು ಪೊರೆ ಇರುತ್ತದೆ. ಅದರಲ್ಲಿ ನೆಲೆಸಿ ಕೆಲಸ ಮಾಡುವ ಪ್ರೋಟೀನ್‌ಗಳೇ ಪೊರೆ ಪ್ರೋಟೀನ್‌ಗಳು. ಕೆಲವು ಹೊರಗಿನ ಸಂದೇಶವನ್ನು ಹಿಡಿಯುವ ಗ್ರಾಹಕಗಳು. ಕೆಲವು ನೀರು, ಲವಣ, ಸಕ್ಕರೆಗೆ ದಾರಿ ಕೊಡುವ ಬಾಗಿಲುಗಳು. ನೀರಿನ ಬಾಗಿಲಿಗೆ ಅಕ್ವಾಪೋರಿನ್ ಎಂದು ಹೆಸರು. ಇದನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಮೂತ್ರಪಿಂಡದಲ್ಲಿ ಏನಾಗುತ್ತದೆ?

1. ಬೆವರಿ ನೀರು ಕಡಿಮೆಯಾದಾಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ವಾಸೋಪ್ರೆಸಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ.
2. ಮೂತ್ರಪಿಂಡದ ಸಣ್ಣ ನಾಳಗಳ ಜೀವಕೋಶದಲ್ಲಿರುವ ಗ್ರಾಹಕ ಅದನ್ನು ಹಿಡಿಯುತ್ತದೆ. ಹಾರ್ಮೋನ್ ಒಳಗೆ ಹೋಗಬೇಕಿಲ್ಲ, ಸಂದೇಶ ಮಾತ್ರ ಒಳಗೆ ದಾಟುತ್ತದೆ.
3. ಆಗ ಜೀವಕೋಶದೊಳಗೆ ಕಾದಿಟ್ಟಿದ್ದ ಅಕ್ವಾಪೋರಿನ್‌ಗಳು ಪೊರೆಗೆ ಬಂದು ಸೇರುತ್ತವೆ. ಮೂತ್ರವಾಗಿ ಹೋಗಬೇಕಿದ್ದ ನೀರು ಇವುಗಳ ಮೂಲಕ ರಕ್ತಕ್ಕೆ ಮರಳುತ್ತದೆ.

ಅಂದರೆ ಹಾರ್ಮೋನ್ ಸುದ್ದಿ ತರುತ್ತದೆ; ಅದನ್ನು ಕೇಳಿಸಿಕೊಳ್ಳುವುದು, ಬಾಗಿಲು ತೆರೆಯುವುದು ಪೊರೆ ಪ್ರೋಟೀನ್‌ಗಳ ಕೆಲಸ.

ಈ ವ್ಯತ್ಯಾಸ ಯಾಕೆ ಮುಖ್ಯ?

ಪದೇ ಪದೇ ಮೂತ್ರ, ತೀರದ ಬಾಯಾರಿಕೆ ಇದ್ದರೆ ‘ಸಕ್ಕರೆ ಕಾಯಿಲೆಯೇ’ ಎಂದು ಹಲವರು ತೀರ್ಮಾನಿಸುತ್ತಾರೆ. ಹೆಚ್ಚಿನ ಸಲ ಅದೇ ಕಾರಣವಿರಬಹುದು, ಆದ್ದರಿಂದ ಮೊದಲು ರಕ್ತದ ಸಕ್ಕರೆ ಪರೀಕ್ಷೆ ಬೇಕು. ಆದರೆ ಸಕ್ಕರೆ ಸರಿಯಿದ್ದೂ ಹೀಗಾಗುವ ಅಪರೂಪದ ಕಾಯಿಲೆಯೊಂದಿದೆ: ಡಯಾಬಿಟಿಸ್ ಇನ್ಸಿಪಿಡಸ್. ಇದರಲ್ಲಿ ಎರಡು ಮುಖ್ಯ ಬಗೆ. ವಾಸೋಪ್ರೆಸಿನ್ ಸಾಲದಿದ್ದರೆ ಅದನ್ನು ಹೋಲುವ ಔಷಧಿ ಕೆಲಸ ಮಾಡುತ್ತದೆ. ಹಾರ್ಮೋನ್ ಇದ್ದೂ ಗ್ರಾಹಕವೋ ಅಕ್ವಾಪೋರಿನ್ನೋ ಕೆಟ್ಟಿದ್ದರೆ ಅದೇ ಔಷಧಿಯಿಂದ ಹೆಚ್ಚು ಪ್ರಯೋಜನವಿಲ್ಲ, ಚಿಕಿತ್ಸೆಯೇ ಬೇರೆ.

‘ನೀರು ಕಡಿಮೆ ಕುಡಿದರೆ ಮೂತ್ರ ಕಡಿಮೆಯಾಗುತ್ತದೆ’ ಎಂಬ ಮನೆಮಾತನ್ನು ಇಂಥವರು ಪಾಲಿಸಬಾರದು. ಅವರ ಮೂತ್ರಪಿಂಡ ನೀರನ್ನು ಹಿಡಿದಿಡಲಾರದು. ಬಿಸಿಲುನಾಡಿನ ಬೇಸಿಗೆಯಲ್ಲಿ ನಿರ್ಜಲೀಕರಣದಿಂದ ಪ್ರಾಣಕ್ಕೇ ಅಪಾಯವಾಗಬಹುದು. ಬಾಯಾರಿದಾಗ ನೀರು ಕೊಡಿ, ತಡಮಾಡದೆ ವೈದ್ಯರಿಗೆ ತೋರಿಸಿ.