ನಾಲೆಯ ನಾಡಿನಲ್ಲಿ ನಾಟಿ ಭತ್ತ

ಮಂಡ್ಯ ಸೀಮೆಯ ಬೇಸಾಯದ ವರ್ಷ ಪಂಚಾಂಗಕ್ಕಿಂತ ಹೆಚ್ಚಾಗಿ ಕನ್ನಂಬಾಡಿಯ ನೀರಿನ ಮಟ್ಟವನ್ನು ಅನುಸರಿಸುತ್ತದೆ. ನಾಲೆಗೆ ನೀರು ಬಿಟ್ಟ ಸುದ್ದಿ ಬಂದರೆ ಒಟ್ಟಲು ಹಾಕುವ ಗಡಿಬಿಡಿ; ಬಾರದಿದ್ದರೆ ರಸ್ತೆ ತಡೆ. ಹಬ್ಬಗಳು ಮಾತ್ರ ಹಳೆಯ ಲೆಕ್ಕದಲ್ಲೇ ನಡೆದುಬಂದಿವೆ. ಯುಗಾದಿಗೆ ಹೊನ್ನಾರು ಕಟ್ಟುತ್ತಾರೆ, ಸಂಕ್ರಾಂತಿಗೆ ದನಗಳಿಗೆ ಕಿಚ್ಚು ಹಾಯಿಸುತ್ತಾರೆ.

ಈ ವ್ಯವಸ್ಥೆಗೆ ಇನ್ನೂ ನೂರು ವರ್ಷ ತುಂಬಿಲ್ಲ. ಕೃಷ್ಣರಾಜಸಾಗರದ ಕೆಲಸ ಆರಂಭವಾದದ್ದು 1911ರಲ್ಲಿ. ಅದರ ನೀರನ್ನು ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆಗೆ ಹರಿಸಿದ ಇರ್ವಿನ್ ನಾಲೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ, 1930ರ ದಶಕದ ಕೊಡುಗೆ. ಅದಕ್ಕೆ ಮೊದಲು ಇಲ್ಲಿನ ಬಹುಭಾಗ ರಾಗಿ, ಹುರುಳಿ ಮತ್ತು ಕುರಿಗಳ ಸೀಮೆ. ಮಾಂಸಕ್ಕೆ ಹೆಸರಾದ ಬಂಡೂರು ಕುರಿಯ ಮೂಲ ಮಳವಳ್ಳಿ ತಾಲ್ಲೂಕಿನ ಹಳ್ಳಿಯೇ. ಭತ್ತ ಬೆಳೆಯುತ್ತಿದ್ದುದು ಕೆರೆಯ ಹಿಂದೆ, ಹೊಳೆಯ ಅಂಚಿನಲ್ಲಿ. ಒಂದೊಂದು ಗದ್ದೆಯ ತೇವಕ್ಕೆ ತಕ್ಕ ತಳಿಯನ್ನು ರೈತರೇ ಆರಿಸಿಕೊಂಡಿದ್ದರು.

ನಾಲೆಯೊಂದಿಗೆ ಶಾಸ್ತ್ರೀಯ ಬೇಸಾಯವೂ ಬಂತು. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ 1933ರಲ್ಲಿ ಸ್ಥಾಪನೆಯಾಯಿತು. ಅದರ ಹಿಂದೆ ಸಂಸ್ಥಾನದ ಕೃಷಿ ನಿರ್ದೇಶಕ, ಕೆನಡಾ ದೇಶದ ಲೆಸ್ಲಿ ಕೋಲ್‌ಮನ್ ಅವರ ಶ್ರಮವಿತ್ತು. ಅದೇ ಅವಧಿಯಲ್ಲಿ ಹುಟ್ಟಿದ, ಜನ ವಿ.ಸಿ. ಫಾರಂ ಎಂದು ಕರೆಯುವ ಸಂಶೋಧನಾ ಕ್ಷೇತ್ರ ಹೊಸ ಬೀಜಗಳ ತವರಾಯಿತು. 1960ರ ದಶಕದ ಕೊನೆಗೆ ಐ.ಆರ್. 8, ಜಯಾ ತಳಿಗಳು ದೇಶದ ಗದ್ದೆಗಳಿಗೆ ಇಳಿದವು. 1990ರ ದಶಕದಲ್ಲಿ ಮಂಡ್ಯದಲ್ಲೇ ಕೆ.ಆರ್.ಎಚ್. 2 ಎಂಬ ಮಿಶ್ರತಳಿ ರೂಪುಗೊಂಡಿತು. ಇವು ಹೊಟ್ಟೆ ತುಂಬಿಸಿದವು. ಹಳೆಯ ಭತ್ತವನ್ನು ಕೈಬಿಟ್ಟ ರೈತನನ್ನು ಇಂದು ಹೀಯಾಳಿಸುವುದು ಸುಲಭ. ಆದರೆ ಸಾಲ ತೀರಿಸಬೇಕಾದವನು ಎರಡು ಪಟ್ಟು ಇಳುವರಿಯನ್ನು ಬೇಡವೆನ್ನುವುದು ಹೇಗೆ?

ಬೀಜದ ಜೊತೆ ಇನ್ನೊಂದೂ ಹೋಯಿತು. ಸುಗ್ಗಿಯಲ್ಲಿ ಕಣವೇ ಊರಿನ ಪಾಠಶಾಲೆ. ರಾಶಿ ಪೂಜೆಗೆ ಬಂದ ನೆಂಟರು ಭತ್ತವನ್ನು ಅಂಗೈಯಲ್ಲಿ ಉಜ್ಜಿ ನೋಡಿ, ಚೆನ್ನಾಗಿದ್ದರೆ ಬೀಜಕ್ಕೆ ಕೇಳುತ್ತಿದ್ದರು. ಆಲೆಮನೆಯೂ ಅಂಥದೇ ಜಾಗ. ಕೊಪ್ಪರಿಗೆಯಲ್ಲಿ ಕುದಿಯುವ ಹಾಲಿಗೆ ಬೆಂಡೆಗಿಡದ ಲೋಳೆ ಬಿಟ್ಟು ಮಡ್ಡಿ ತೆಗೆಯುವ ಹದವನ್ನು ಯಾರೂ ಪುಸ್ತಕ ಓದಿ ಕಲಿಯಲಿಲ್ಲ. ಮುಂದೆ ಬೀಜ ಅಂಗಡಿಯ ಚೀಲದಲ್ಲಿ ಬರತೊಡಗಿತು. ಕಲಿಸುವವರು ಇಲಾಖೆಯವರಾದರು, ಕಲಿಯುವವನು ರೈತನಾದ.

ಈ ದಿಕ್ಕನ್ನು ತುಸು ತಿರುಗಿಸಿದ ಒಂದು ಹೊಲ ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿದೆ. ಅಲ್ಲಿನ ಸೈಯದ್ ಘನಿ ಖಾನ್ ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡುವ ಆಸೆ ಇಟ್ಟುಕೊಂಡಿದ್ದವರು. ತಂದೆಯ ಅನಾರೋಗ್ಯ ಅವರನ್ನು ಬೇಸಾಯಕ್ಕೆ ಎಳೆಯಿತು. ಮೊದಮೊದಲು ಅವರದೂ ಎಲ್ಲರಂತೆ ರಾಸಾಯನಿಕ ಬೇಸಾಯವೇ. ಕೀಟನಾಶಕ ಸಿಂಪಡಿಸುವಾಗ ಒಮ್ಮೆ ತಲೆಸುತ್ತಿ ಬಿದ್ದ ಮೇಲೆ ನಾಟಿ ಭತ್ತಗಳನ್ನು ಹುಡುಕತೊಡಗಿದರು. ರಾಜಮುಡಿ, ರತ್ನಚೂಡಿ, ಗಂಧಸಾಲೆ ಎಂದು ಆರಂಭವಾದ ಸಂಗ್ರಹ ಇತರ ರಾಜ್ಯಗಳ ತಳಿಗಳೂ ಸೇರಿ ಸಾವಿರವನ್ನು ಮೀರಿತು. ಕೊನೆಗೂ ಅವರು ವಸ್ತುಸಂಗ್ರಹಾಲಯವನ್ನೇ ಕಟ್ಟಿದರೆನ್ನಬೇಕು. ಆದರೆ ಇಲ್ಲಿನ ವಸ್ತುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವಂತಿಲ್ಲ.

ಮನೆಯಲ್ಲಿ ಮೂಟೆ ಕಟ್ಟಿಟ್ಟ ಭತ್ತ ನಮ್ಮ ಹವೆಯಲ್ಲಿ ಎರಡು ಮೂರು ವರ್ಷಗಳಲ್ಲಿ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ ತಳಿ ಉಳಿಯಬೇಕಾದರೆ ಮತ್ತೆ ಮತ್ತೆ ಬಿತ್ತಲೇಬೇಕು. ಅದೃಷ್ಟಕ್ಕೆ ಭತ್ತ ಬಹುಮಟ್ಟಿಗೆ ತನ್ನ ಹೂವಿನಲ್ಲೇ ಪರಾಗಸ್ಪರ್ಶ ಮುಗಿಸುವ ಬೆಳೆ. ಪಕ್ಕಪಕ್ಕದ ಚಿಕ್ಕ ಮಡಿಗಳಲ್ಲಿ ಬೇರೆ ಬೇರೆ ತಳಿ ಬೆಳೆದರೂ ಕುಲ ಕೆಡುವುದು ಅಪರೂಪ. ಅಪಾಯವಿರುವುದು ಕೊಯ್ಲಿನಲ್ಲಿ. ಕಟಾವು ಯಂತ್ರ ಇಲ್ಲಿ ನಡೆಯದು. ಅದರ ಹೊಟ್ಟೆಯಲ್ಲಿ ಉಳಿದ ಒಂದು ಹಿಡಿ ಕಾಳು ಮುಂದಿನ ಮಡಿಯ ಬೀಜವನ್ನು ಬೆರಕೆ ಮಾಡಿಬಿಡುತ್ತದೆ. ಪ್ರತಿ ಮಡಿಯನ್ನೂ ಕುಡುಗೋಲಿನಿಂದ ಕೊಯ್ದು, ಬೇರೆಯಾಗಿ ಬಡಿದು, ಒಣಗಿಸಿ, ಹೆಸರು ಬರೆದಿಡಬೇಕು. ಚೀಟಿ ಅದಲುಬದಲಾದರೆ ಮುಗಿಯಿತು.

ಅದೇ ಕುಟುಂಬದ ಬಡಾ ಬಾಗ್ ತೋಪಿನ ಮಾವಿನ ಕಥೆ ಇದಕ್ಕೆ ತದ್ವಿರುದ್ಧ. ಟಿಪ್ಪು ಸುಲ್ತಾನನ ಕಾಲದ್ದೆಂದು ಹೇಳುವ ಈ ತೋಪಿನಲ್ಲಿ ನೂರಕ್ಕೂ ಹೆಚ್ಚು ಬಗೆಯ ಹಣ್ಣುಗಳಿವೆ. ಒಂದಕ್ಕೆ ಜೀರಿಗೆಯ ವಾಸನೆ, ಇನ್ನೊಂದಕ್ಕೆ ಮೋಸಂಬಿಯ ರುಚಿ. (ಟಿಪ್ಪು 1799ರ ಮಾರ್ಚ್‌ನಲ್ಲಿ ಹ್ಯಾರಿಸನ ಸೇನೆಯನ್ನು ಎದುರಿಸಿದ್ದು ಇದೇ ಮಳವಳ್ಳಿಯ ಬಳಿ. ಆ ಯುದ್ಧದ ನೆನಪು ಪಠ್ಯಪುಸ್ತಕದಲ್ಲೂ ತೆಳುವಾಗಿದೆ, ತೋಪು ಮಾತ್ರ ಫಲ ಕೊಡುತ್ತಿದೆ.) ಮಾವು ಭತ್ತದಂತಲ್ಲ. ಓಟೆ ನೆಟ್ಟರೆ ಸಾಮಾನ್ಯವಾಗಿ ತಾಯಿಮರದ ಹಣ್ಣು ಸಿಗದು, ಕಸಿ ಕಟ್ಟಲೇಬೇಕು. ಹೀಗಾಗಿ ಎಷ್ಟೋ ತಳಿ ಒಂದೇ ಒಂದು ಮುದಿಮರವಾಗಿ ನಿಂತಿರುತ್ತದೆ. ಬಿರುಗಾಳಿಗೆ ಆ ಮರ ಉರುಳಿದರೆ ಆ ರುಚಿಯೂ ಅಲ್ಲಿಗೆ ಕೊನೆ.

ಹಾಗಾಗಿಯೇ ಈ ಹೊಲಕ್ಕೆ ಜನ ಬರುವುದು ಮುಖ್ಯ. ತೆನೆ ಬಾಗುವ ಹೊತ್ತಿಗೆ ನಡೆಯುವ ಕ್ಷೇತ್ರೋತ್ಸವಕ್ಕೆ ರೈತರು, ವಿದ್ಯಾರ್ಥಿಗಳು, ಪೇಟೆಯವರು ಬರುತ್ತಾರೆ. ಕಪ್ಪು ತೆನೆ, ಕೆಂಪು ತೆನೆ, ಉದ್ದ ಮೀಸೆಯ ತೆನೆಗಳನ್ನು ಸಾಲಾಗಿ ಕಂಡಾಗ ಭತ್ತವೆಂದರೆ ಒಂದೇ ಎಂಬ ಭಾವನೆ ಅಲ್ಲೇ ಕಳಚುತ್ತದೆ. ಪೇಟೆಯವರಿಗೆ ಅದು ಒಂದು ದಿನದ ಸಂಭ್ರಮ. ಬೀಜ ಒಯ್ಯುವ ರೈತ ಮಾತ್ರ ತನಗರಿವಿಲ್ಲದೆಯೇ ಆ ಸಂಗ್ರಹಕ್ಕೆ ಜಾಮೀನು ನಿಲ್ಲುತ್ತಾನೆ.

ಜಾಮೀನಿನ ಅಗತ್ಯವೇನೆಂಬುದು 2023ರಲ್ಲಿ ಕಂಡಿತು. ಆ ವರ್ಷ ಮಳೆ ಕೈಕೊಟ್ಟು, ಕಾವೇರಿ ನೀರಿಗಾಗಿ ಮಂಡ್ಯ ಬಂದ್ ಆಗಿತ್ತು. ಇಂಥ ವರ್ಷದಲ್ಲಿ ಸಾಮಾನ್ಯ ರೈತ ಒಂದು ಬೆಳೆ ಕಳೆದುಕೊಂಡು, ಮುಂದಿನ ಸಲ ಅಂಗಡಿಯಿಂದ ಬೀಜ ತರುತ್ತಾನೆ. ನಾಟಿ ತಳಿಗೆ ಅಂಗಡಿಯಿಲ್ಲ. ರಾಜಮುಡಿಗೆ ಬೆಂಗಳೂರಿನಲ್ಲಿ ಗಿರಾಕಿಗಳು ಹುಟ್ಟಿಕೊಂಡಿರುವುದರಿಂದ ಅದನ್ನು ಹತ್ತಾರು ಊರುಗಳಲ್ಲಿ ಬೆಳೆಯುತ್ತಾರೆ, ಅದರ ಚಿಂತೆಯಿಲ್ಲ. ಪೇಟೆ ಹೆಸರೇ ಕೇಳದ ನೂರಾರು ಭತ್ತಗಳಿಗೆ ಇರುವುದು ಒಂದೊಂದು ಮಡಿ, ಒಂದೊಂದು ಚೀಟಿ, ಮತ್ತು ಸಕಾಲಕ್ಕೆ ಬರಬೇಕಾದ ನೀರು.