ಮೇಲಿನಿಂದ ನೋಡದೆ ಸುಳಿ ಕಂಡವರು

ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ಸಾಕು, ನಮ್ಮ ವಾಟ್ಸಾಪ್ ಗುಂಪುಗಳಿಗೆ ಉಪಗ್ರಹದ ಚಿತ್ರ ಬಂದೇ ಬರುತ್ತದೆ. ಸುರುಳಿ ಸುತ್ತಿಕೊಂಡ ಬಿಳಿ ಮೋಡ, ನಡುವೆ ಒಂದು ತೂತು. ಇಂಥ ಸುಳಿಯನ್ನು ಹವಾಮಾನ ಉಪಗ್ರಹವೊಂದು ಮೊದಲು ಚಿತ್ರ ತೆಗೆದಿದ್ದು 1960ರ ಏಪ್ರಿಲ್‌ನಲ್ಲಿ. ಅದು ಅಮೆರಿಕದ ಟೈರೋಸ್-1. ಆದರೆ ಅದಕ್ಕೂ ನೂರು ವರ್ಷ ಹಿಂದೆಯೇ ಕಲ್ಕತ್ತದಲ್ಲಿ ಕೂತು ಈ ಸುಳಿಯ ಲೆಕ್ಕ ಹಾಕಿದವರೊಬ್ಬರಿದ್ದರು. ಹೆಸರು ಹೆನ್ರಿ ಪಿಡಿಂಗ್ಟನ್.

ಹಿಂದೆ ಹಡಗು ನಡೆಸಿದ್ದ ಮನುಷ್ಯ. ಬಿರುಗಾಳಿ ಸುತ್ತುತ್ತದೆ ಎಂದು ಅಮೆರಿಕದ ರೆಡ್‌ಫೀಲ್ಡ್ ಆಗಲೇ ಹೇಳಿದ್ದರು. ಪಿಡಿಂಗ್ಟನ್ ಅದನ್ನು ನಮ್ಮ ಕಡಲಿನಲ್ಲಿ ಪರೀಕ್ಷಿಸಿದರು. ಬಿರುಗಾಳಿಗೆ ಸಿಕ್ಕಿ ಬಂದ ಹಡಗುಗಳ ದಿನಚರಿ ಪುಸ್ತಕಗಳನ್ನು ತರಿಸಿಕೊಂಡು, ಯಾವ ಗಂಟೆಗೆ ಎಲ್ಲಿ ಯಾವ ದಿಕ್ಕಿನ ಗಾಳಿ ಇತ್ತು ಎಂದು ನಕ್ಷೆಯ ಮೇಲೆ ಗುರುತು ಹಾಕುತ್ತಾ ಹೋದರು. ಗುರುತುಗಳು ಸೇರಿ ವೃತ್ತವಾದವು. 1845ರಲ್ಲಿ ಮಾರಿಷಸ್ ಹತ್ತಿರ 'ಚಾರ್ಲ್ಸ್ ಹೆಡಲ್' ಎಂಬ ಹಡಗು ಗಾಳಿ ಬೀಸಿದತ್ತ ಓಡುತ್ತಾ ಐದು ದಿನ ಗಾಣದ ಎತ್ತಿನ ಹಾಗೆ ಸುತ್ತಿತ್ತು. ಇದಕ್ಕಿಂತ ಸಾಕ್ಷಿ ಬೇಕೆ? 'ಸೈಕ್ಲೋನ್' ಎಂಬ ಪದ ಕೊಟ್ಟವರೂ ಇವರೇ. ಹಾವಿನ ಸುರುಳಿಯನ್ನು ನೆನಪಿಸುವ ಗ್ರೀಕ್ ಮೂಲದ ಪದ.

ಸುಳಿ ಏಕೆ? ಬೆಚ್ಚಗಿನ ಕಡಲಿನ ಮೇಲೆ ತೇವದ ಗಾಳಿ ಮೇಲೇರುತ್ತದೆ, ಕೆಳಗೆ ಒತ್ತಡ ಇಳಿಯುತ್ತದೆ. ಸುದ್ದಿಯಲ್ಲಿ ಕೇಳುವ 'ವಾಯುಭಾರ ಕುಸಿತ' ಇದೇ. ಜಾಗ ತುಂಬಲು ಸುತ್ತಲಿನ ಗಾಳಿ ನುಗ್ಗುತ್ತದೆ. ಭೂಮಿ ತಿರುಗದೇ ಇದ್ದಿದ್ದರೆ ನೇರ ನಡುವಿಗೇ ಬರುತ್ತಿತ್ತು. ತಿರುಗುವುದರಿಂದ ನಮ್ಮ ಉತ್ತರಾರ್ಧದಲ್ಲಿ ಬಲಕ್ಕೆ ವಾಲಿ, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ನಡುವನ್ನು ಸುತ್ತುತ್ತದೆ. ದಕ್ಷಿಣಾರ್ಧದಲ್ಲಿ ತಿರುವುಮುರುವು. ಮೋಡಗಳೂ ಅದೇ ದಾರಿ ಹಿಡಿಯುತ್ತವೆ. ನಟ್ಟನಡುವೆ ಮಾತ್ರ ಗಾಳಿ ಕೆಳಗಿಳಿಯುವುದರಿಂದ ಅಲ್ಲಿ ಮೋಡ ಕರಗುತ್ತದೆ. ಆ ತೂತೇ ಚಂಡಮಾರುತದ ಕಣ್ಣು. ಗಾಳಿ ನಿಂತಿತೆಂದು ಅಲ್ಲಿ ಉಸಿರು ಬಿಟ್ಟವರಿಗೆ, ಸ್ವಲ್ಪ ಹೊತ್ತಿಗೆ ಎದುರು ದಿಕ್ಕಿನಿಂದ ಹೊಡೆತ ಕಾದಿರುತ್ತದೆ.

ಪಿಡಿಂಗ್ಟನ್‌ಗೆ ಇಷ್ಟೆಲ್ಲ ಕಾರಣ ತಿಳಿದಿರಲಿಲ್ಲ. ಆದರೆ ಸುಳಿ ತನ್ನೊಂದಿಗೆ ಕಡಲನ್ನೂ ದಡಕ್ಕೆ ನುಗ್ಗಿಸುತ್ತದೆ ಎಂಬುದು ಗೊತ್ತಿತ್ತು. ಕಲ್ಕತ್ತದ ದಕ್ಷಿಣಕ್ಕೆ ಮಾತ್ಲಾ ನದಿಯ ದಡದಲ್ಲಿ ಹೊಸ ಬಂದರು ಕಟ್ಟಲು ಸರ್ಕಾರ ಹೊರಟಾಗ, 1853ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಗೆ ಪತ್ರ ಬರೆದರು: ಇಲ್ಲಿ ಬೇಡ, ಒಂದು ದಿನ ಉಪ್ಪುನೀರು ನುಗ್ಗಿ ಎಲ್ಲ ಮುಳುಗುತ್ತದೆ. ಯಾರೂ ಕೇಳಲಿಲ್ಲ. 1858ರಲ್ಲಿ ಅವರು ತೀರಿಕೊಂಡರು. ಬಂದರು ಎದ್ದಿತು, ರೈಲೂ ಬಂತು.

1867ರ ನವೆಂಬರ್‌ನಲ್ಲಿ ಚಂಡಮಾರುತ ಬಂದು ಬಂದರನ್ನು ಹಾಳುಗೆಡವಿತು. ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಟ್ಟರು. ಊರಿಗೆ ಇವತ್ತೂ ಕ್ಯಾನಿಂಗ್ ಎಂದೇ ಹೆಸರು. ಸುಂದರಬನಕ್ಕೆ ಹೋಗುವವರು ಅಲ್ಲಿ ರೈಲು ಇಳಿಯುತ್ತಾರೆ.