ಗಡಿ ಭಾಗದ ಶಾಲೆಗೆ ಲಿನಕ್ಸ್ ಬಂದ ದಾರಿ

ನಮ್ಮ ಪ್ರೌಢಶಾಲೆ ಆರಂಭವಾದ ಕಾಲದಲ್ಲೇ, 1976ರ ಫೆಬ್ರುವರಿಯಲ್ಲಿ, ಮೈಕ್ರೋಸಾಫ್ಟ್‌ನ ಬಿಲ್ ಗೇಟ್ಸ್ ಅಮೆರಿಕದ ಕಂಪ್ಯೂಟರ್ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ಹಣ ಕೊಡದೆ ತಂತ್ರಾಂಶ ನಕಲು ಮಾಡಿಕೊಳ್ಳುವುದು ಕಳ್ಳತನ ಎಂಬುದು ಅದರ ಸಾರ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಬೇರೆ ಹಾದಿ ಹಿಡಿದು ಗ್ನೂ ಯೋಜನೆ ಘೋಷಿಸಿದರು. ತಂತ್ರಾಂಶವನ್ನು ಬಳಸುವ, ಒಳಹೊಕ್ಕು ಓದುವ, ತಿದ್ದುವ, ಹಂಚುವ ಸ್ವಾತಂತ್ರ್ಯ ಎಲ್ಲರಿಗೂ ಇರಬೇಕು ಎಂಬುದು ಅವರ ವಾದ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಬರೆದ ಲಿನಕ್ಸ್ ಮುಂದೆ ಇದರೊಂದಿಗೆ ಕೂಡಿಕೊಂಡಿತು. ಅದೇ ವರ್ಷ ಹೊರಬಂದ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲಿ ಕನ್ನಡ ಲಿಪಿಗೂ ಸ್ಥಾನವಿತ್ತು.

ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ದೊಡ್ಡ ಪ್ರಮಾಣದಲ್ಲಿ ಬಂದದ್ದು 2000ದ ದಶಕದ ಆರಂಭದಲ್ಲಿ, ಮಾಹಿತಿ ಸಿಂಧು ಯೋಜನೆಯ ಮೂಲಕ. ಸುಮಾರು ಒಂದು ಸಾವಿರ ಶಾಲೆಗಳಲ್ಲಿ ಪ್ರಯೋಗಾಲಯ ನಡೆಸುವ ಕೆಲಸವನ್ನು ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆ ಕೊಡಲಾಗಿತ್ತು. ಕಂಪ್ಯೂಟರ್ ಕಲಿಸುವವರು ಹೊರಗಿನವರು. ಗಣಿತ, ವಿಜ್ಞಾನದ ಗುರುಗಳಿಗೂ ಆ ಕೋಣೆಗೂ ಹೆಚ್ಚಿನ ಸಂಬಂಧವಿರಲಿಲ್ಲ. ಗುತ್ತಿಗೆ ಮುಗಿದ ಮೇಲೆ ಅದನ್ನು ನಡೆಸಿಕೊಂಡು ಹೋಗುವ ತಿಳಿವಳಿಕೆ ಶಾಲೆಯೊಳಗೆ ಉಳಿಯುವುದು ಕಷ್ಟವಾಯಿತು.

ನೆರೆಯ ಕೇರಳದಲ್ಲಿ ಕಥೆ ಬೇರೆಯಾಯಿತು. ಅಲ್ಲಿ 2001ರಲ್ಲಿ ಐಟಿ@ಸ್ಕೂಲ್ ಯೋಜನೆ ಶುರುವಾದಾಗ ಪಾಠಗಳು ಒಂದೇ ಕಂಪನಿಯ ತಂತ್ರಾಂಶದ ಸುತ್ತ ಇದ್ದವು. ಶಿಕ್ಷಕರ ಸಂಘಟನೆಯೇ ಅದನ್ನು ಪ್ರಶ್ನಿಸಿತು. ಆ ದಶಕದಲ್ಲಿಯೇ ಸರ್ಕಾರಿ ಶಾಲೆಗಳು ಲಿನಕ್ಸ್‌ಗೆ ಹೊರಳಿದವು, ತರಬೇತಿ ಪಡೆದ ಶಿಕ್ಷಕರೇ ಮಕ್ಕಳಿಗೆ ಕಲಿಸಿದರು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಈ ವಿಷಯದ ಪಠ್ಯಪುಸ್ತಕ ಕನ್ನಡದಲ್ಲೇ ಸಿಗುತ್ತದೆ. ರಾಜ್ಯದ ಆ ತುದಿಯ ಗಡಿ ಕನ್ನಡಿಗರಿಗೆ ಸಾಧ್ಯವಾದದ್ದು ಈ ತುದಿಯ ನಮಗೂ ಅಸಾಧ್ಯವಲ್ಲ.

ನಮ್ಮ ರಾಜ್ಯದಲ್ಲೂ 2010ರ ನಂತರ ಗಾಳಿ ಬದಲಾಯಿತು. ಡಿ.ಎಸ್.ಇ.ಆರ್.ಟಿ. ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ವಿಷಯ ಶಿಕ್ಷಕರ ವೇದಿಕೆಯನ್ನು ಕಟ್ಟಿದವು. ಪ್ರೌಢಶಾಲಾ ಶಿಕ್ಷಕರು ಉಬುಂಟು ಎಂಬ ಲಿನಕ್ಸ್ ಬಳಸಲು ಕಲಿತರು. ಜಿಯೋಜೆಬ್ರಾದಲ್ಲಿ ತ್ರಿಭುಜದ ಒಂದು ಶೃಂಗವನ್ನು ಹಿಡಿದು ಎಳೆದರೆ ಮೂರು ಕೋನಗಳೂ ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಲ್ಲುತ್ತದೆ. ಹಲಗೆಯ ಮೇಲೆ ಹತ್ತು ಚಿತ್ರ ಬರೆದು ತೋರಿಸಬೇಕಾದದ್ದನ್ನು ಮಗು ತಾನೇ ಮಾಡಿ ಕಾಣುತ್ತದೆ. ಶಿಕ್ಷಕರೇ ಸಿದ್ಧಪಡಿಸಿದ ಪಾಠ ಸಾಮಗ್ರಿಯನ್ನು ಎಲ್ಲರೂ ಬಳಸಲಿ ಎಂದು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣದಲ್ಲಿ ಕೂಡಿಡಲಾಯಿತು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಿಗೆ ಇದರಿಂದ ಇನ್ನೊಂದು ಲಾಭವಿದೆ. ನಮ್ಮಲ್ಲಿ ಕನ್ನಡ ಸಾಲಿಯೂ ಇದೆ, ಮರಾಠಿ ಸಾಲಿಯೂ ಇದೆ. ಒಂದೇ ಲಿನಕ್ಸ್ ಕಂಪ್ಯೂಟರಿನಲ್ಲಿ ಎರಡೂ ಭಾಷೆಯ ಕೀಲಿಮಣೆಗಳನ್ನು ಖರ್ಚಿಲ್ಲದೆ ಇಟ್ಟುಕೊಳ್ಳಬಹುದು. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆಯೂ ಅದರಲ್ಲಿದೆ. ನುಡಿಯಲ್ಲಿ ಟೈಪ್ ಮಾಡಲು ಕಲಿತ ಬೆರಳುಗಳು ಹೊಸದಾಗಿ ಕಲಿಯಬೇಕಿಲ್ಲ.

ತೊಡಕುಗಳೂ ಇವೆ. ಯುನಿಕೋಡ್‌ಗೆ ಮೊದಲಿನ ನುಡಿ ಅಕ್ಷರಗಳಲ್ಲಿರುವ ಕಡತಗಳನ್ನು ಪರಿವರ್ತಿಸಿಕೊಳ್ಳಬೇಕು. ಕೆಲವು ಹಳೆಯ ಪ್ರಿಂಟರುಗಳು ಹೊಂದಿಕೊಳ್ಳುವುದಿಲ್ಲ. ಮುಖ್ಯವಾಗಿ, ಶಾಲೆಯಲ್ಲಿ ಇಬ್ಬರಿಗಾದರೂ ಇದನ್ನು ಸ್ಥಾಪಿಸಿ ನೋಡಿಕೊಳ್ಳಲು ಬರಬೇಕು. ಒಬ್ಬರಿಗೆ ವರ್ಗಾವಣೆಯಾದರೂ ಕೆಲಸ ನಿಲ್ಲಬಾರದು.

ಈ ಮಾತು ಈಗ ಯಾಕೆಂದರೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ ಕೊನೆಯಾಯಿತು. ಮುಂದಿನ ಆವೃತ್ತಿಗೆ ಹೊಂದದ ಸುಸ್ಥಿತಿಯ ಯಂತ್ರಗಳೂ ಗುಜರಿ ಸೇರುವ ಹೊತ್ತಿದು. ಹಗುರವಾದ ಲಿನಕ್ಸ್ ಹಾಕಿದರೆ ಅವುಗಳಲ್ಲಿ ಹೆಚ್ಚಿನವು ಇನ್ನೂ ಕೆಲವು ವರ್ಷ ಮಕ್ಕಳ ಕೈಗೆ ಸಿಗುತ್ತವೆ. ಬೆಂಗಳೂರು, ಪುಣೆಯ ಕಂಪನಿಗಳಲ್ಲಿ ನಮ್ಮಂಥವರು ದುಡಿಯುವ ಸರ್ವರುಗಳಲ್ಲಿ ಬಹುಪಾಲು ಲಿನಕ್ಸ್‌ನವೇ. ಮಕ್ಕಳ ಮನೆಯ ಆಂಡ್ರಾಯ್ಡ್ ಮೊಬೈಲಿನ ತಿರುಳೂ ಅದೇ.

ಸುವರ್ಣ ಮಹೋತ್ಸವದ ನೆನಪಿಗೆ ಹೊಸ ಕಂಪ್ಯೂಟರ್ ಕೊಡಿಸುವ ಮಾತು ಹಳೆಯ ವಿದ್ಯಾರ್ಥಿಗಳಲ್ಲಿ ಬರುವುದು ಸಹಜ. ಕೊಡೋಣ. ಅದಕ್ಕೂ ಮೊದಲು ಇದ್ದವನ್ನು ಎಬ್ಬಿಸೋಣ, ಇಬ್ಬರು ಗುರುಗಳೊಂದಿಗೂ ನಾಲ್ವರು ಮಕ್ಕಳೊಂದಿಗೂ ಕೂತು ಆ ಕೆಲಸ ಮಾಡೋಣ. ರಜೆಯಲ್ಲಿ ಊರಿಗೆ ಬಂದಾಗ ಎರಡು ದಿನ ಇದಕ್ಕೆ ಕೊಡಲು ನಾನು ಸಿದ್ಧನಿದ್ದೇನೆ. ಯಂತ್ರವನ್ನು ಯಾರೂ ದಾನ ಕೊಡಬಹುದು. ಅದನ್ನು ನಡೆಸುವ ವಿದ್ಯೆ ಮಾತ್ರ ಶಾಲೆಯಲ್ಲೇ ನೆಲೆಸಬೇಕು.